ಕೆಂಪು ಅಕ್ಷರದ ಸಾಲು

“ಅಲ್ಲಾ, ಗಾಳಿಗೂ ಮೈ ತೊಳಿಸ್ತಾರಾ?”

ಜಗಲಿಯಲ್ಲಿ ಒಬ್ಬರೇ ಕೂತಿದ್ದ ಪುಟ್ಟರಾಜು ಯಾರಿಗೆಂದೂ ಇಲ್ಲದೆ ಕೇಳಿದರು. ಉತ್ತರ ಅವರಿಗೆ ಬೇಕಿರಲಿಲ್ಲ. ಎದೆಯಲ್ಲಿ ಹಿಡಿಸದ ಹೆಮ್ಮೆ ಬಾಯಿಗೆ ಬಂದಿತ್ತು, ಅಷ್ಟೆ. ಕೈಯಲ್ಲಿದ್ದದ್ದು ಸೊಸೆ ವೀಣಾ ಮಾಡಿದ ಬಾಟಲಿ. ಮುಚ್ಚಿದ ಕೋಣೆಯ ಗಾಳಿಯನ್ನೂ ಗೋಡೆಯನ್ನೂ ಹಿಡಿದ ಬೂಷ್ಟು, ಕ್ರಿಮಿಗಳನ್ನು ಕೊಲ್ಲುವ ದ್ರಾವಣ.

ಕೊಡಗಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ್ದು ಯಾವುದಿದೆ? ಚಪ್ಪಲಿಗೆ ಹಿಡಿಯುತ್ತದೆ, ಟ್ರಂಕಿನ ರೇಷ್ಮೆ ಸೀರೆಗೆ ಹಿಡಿಯುತ್ತದೆ, ಬಿಟ್ಟರೆ ಮನುಷ್ಯನ ಬೆನ್ನಿಗೂ ಹಿಡಿಯುತ್ತದೆ. ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರಕ್ಕೆ ಬಂದು ನೆಲೆಸಿದ ಪುಟ್ಟರಾಜುವಿನ ಅಪ್ಪ, ಸಾಯುವವರೆಗೂ ಈ ವಾಸನೆಯನ್ನು ಬೈದುಕೊಂಡೇ ಇದ್ದರು. ಬೈಯುವುದನ್ನು ಬಿಟ್ಟು ಅದಕ್ಕೊಂದು ಮದ್ದು ಮಾಡಬೇಕೆಂದು ಆ ಮನೆಯಲ್ಲಿ ಹೊರಟವಳು ವೀಣಾ ಒಬ್ಬಳೇ. ಕೆಮಿಸ್ಟ್ರಿ ಓದಿದ ಹುಡುಗಿ. ಊರ ಹೆಂಗಸರ ಸಂಘ ಕಟ್ಟಿ, ಮಾವನ ಹಿತ್ತಲ ಶೆಡ್ಡಿನಲ್ಲಿ ಮೊದಲು ಫಿನಾಯಿಲ್ ಮಾಡಿದಳು, ಆಮೇಲೆ ಇದನ್ನು.

ಲೈಸೆನ್ಸ್ ಸುಲಭಕ್ಕೆ ಸಿಕ್ಕಿರಲಿಲ್ಲ. ನೋಡಲು ಬಂದ ಅಧಿಕಾರಿ, ಹೊಗೆ ಹೊರಹಾಕುವ ಫ್ಯಾನ್ ಒಂದು ಸಾಲದು ಎಂದರು. ಡ್ರಮ್ಮುಗಳು ಅಡುಗೆಮನೆ ಗೋಡೆಗೆ ತಾಗಿಕೊಂಡಿವೆ ಎಂದರು. ಸಂಘದ ಹೆಂಗಸರು ಮುಖ ಸಪ್ಪಗೆ ಮಾಡಿಕೊಂಡರೆ, ವೀಣಾ ಮಾತ್ರ “ಸರಿಯಾಗೇ ಹೇಳಿದ್ರು” ಎಂದು ಗೋಡೆ ಒಡೆಸಿ ಇನ್ನೊಂದು ಫ್ಯಾನ್ ಕೂರಿಸಿದಳು. ಸ್ಯಾಂಪಲ್ ಲ್ಯಾಬಿಗೆ ಹೋಗಿ ಪಾಸಾಗಿ ಬಂತು. ಲೈಸೆನ್ಸ್ ಬಂದ ದಿನ ಪುಟ್ಟರಾಜು ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದರು.

“ದೇವ್ರ ಪಕ್ಕ ಫಿನಾಯಿಲ್ ಕಾಗ್ದಾನಾ?” ಎಂದಳು ಹೆಂಡತಿ ಕಾಳಮ್ಮ. “ನಾಳೆ ಅದ್ಕೂ ಮಂಗಳಾರತಿ ಎತ್ತೀಯ ನೀನು.”

“ಎತ್ತಿದ್ರೆ ಏನ್ ತಪ್ಪು? ನಮ್ಮ ವಂಶ್ದಲ್ಲಿ ಸರ್ಕಾರ ಒಪ್ಪಿದ್ದು ಇದೊಂದೇ ಕಣೆ.”

ಒಂದೇ ಒಂದು ಸಂಗತಿ ಅವರಿಗೆ ಹಿಡಿಸಿರಲಿಲ್ಲ. ಅಂಥ ಚಂದದ ಲೇಬಲ್ಲಿನ ನಟ್ಟನಡುವೆ ವೀಣಾ ದಪ್ಪ ಕೆಂಪು ಅಕ್ಷರದಲ್ಲಿ ಬರೆಸಿದ್ದಳು: ನೀರು ಬೆರೆಸಿ, ಜನರಿಲ್ಲದಾಗ ಮಾತ್ರ ಸಿಂಪಡಿಸಿ, ಕಿಟಕಿ ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಕಳೆದ ಮೇಲೆ ಒಳಗೆ ಹೋಗಿ.

“ಮದುವೆ ಕಾಗದ್ದಲ್ಲಿ ಸಾವಿನ ಸುದ್ದಿ ಬರ್ದಂಗಿದೆಯಲ್ಲ ಮಗಾ,” ಎಂದಿದ್ದರು. “ಮೂಲೇಲಿ ಸಣ್ಣಕ್ಕೆ ಹಾಕಿದ್ರೆ ಆಗ್ತಿರ್ಲಿಲ್ವಾ?”

“ಸಣ್ಣಕ್ಕೆ ಹಾಕಿದ್ರೆ ಯಾರ್ ಓದ್ತಾರೆ ಮಾವ?”

ದೊಡ್ಡಕ್ಕೆ ಹಾಕಿದರೂ ಓದದವರು ಇರುತ್ತಾರೆ, ಅದೂ ತನ್ನ ಮನೆಯಲ್ಲೇ, ಎಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಶನಿವಾರ ಸಂಜೆ ರಾಮಮಂದಿರದಲ್ಲಿ ಕಾವ್ಯವಾಚನವಿತ್ತು. ಮೂರ್ನಾಡಿನಿಂದ ಧರ್ಮಪಾಲ ಮೇಷ್ಟ್ರು ಬರುವವರಿದ್ದರು. ಅವರು ರಾಗ ಎತ್ತಿದರೆ ಹೊರಗಿನ ಮಳೆಯೂ ತಾಳಕ್ಕೆ ಬೀಳುತ್ತದೆ ಎಂಬುದು ಪುಟ್ಟರಾಜುವಿನ ನಂಬಿಕೆ. ಅಪ್ಪನ ತೊಡೆಯ ಮೇಲೆ ಕೂತು ಪದ್ಯ ಕೇಳುತ್ತಾ ಬೆಳೆದ ಜೀವ ಅದು. ಕಂಬಕ್ಕೊರಗಿ ಕಣ್ಣು ಮುಚ್ಚಿದರೆ, ಮಂಗಳ ಹಾಡುವವರೆಗೆ ತೆರೆಯುತ್ತಿರಲಿಲ್ಲ.

ಅಂದು ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದರು. ಆಷಾಢದಿಂದ ಮುಚ್ಚಿದ್ದ ಮಂದಿರ ಗಬ್ಬೆಂದು ಬೂಷ್ಟು ನಾತ ಹೊಡೆಯಿತು. ಪುಟ್ಟರಾಜು ಚೀಲದಿಂದ ಸೊಸೆಯ ಬಾಟಲಿ ತೆಗೆದರು. ಮನೆಯಲ್ಲಿ ಸಾಂಬ್ರಾಣಿ ಹಾಕುವುದು ಹೇಗೆ? ಕಿಟಕಿ ಬಾಗಿಲು ಮುಚ್ಚಬೇಕು, ಹೊಗೆ ಮೂಲೆಮೂಲೆಗೂ ತುಂಬಬೇಕು, ಆಗಲೇ ಶುದ್ಧಿ. ಹಾಗೆಯೇ ಮಾಡಿದರು. ನೀರು ಬೆರೆಸುವುದೇ? ದೇವರ ಸನ್ನಿಧಿಗೆ ಜಿಪುಣತನವೇ? ಇಡೀ ಬಾಟಲಿ ಸಿಂಪಡಿಸಿ, ಬಾಗಿಲೆಳೆದುಕೊಂಡು ಜಗಲಿಯಲ್ಲಿ ನಿಂತರು. ಬಂದವರಿಗೆಲ್ಲ “ನಮ್ ಸೊಸೆ ಮಾಡಿದ್ದು, ಮೂಸಿ ನೋಡಿ” ಎನ್ನುತ್ತ ಒಳಗೆ ಕೂರಿಸಿದರು. ಮಳೆಯ ಎರಚಲೆಂದು ಕಿಟಕಿಗಳು ಮುಚ್ಚಿಯೇ ಇದ್ದವು.

ಮೇಷ್ಟ್ರು ಸ್ತುತಿ ಮುಗಿಸಿ ಕಥೆಗೆ ಬಂದರು. ರಾಜಸಭೆ ಕಣ್ಣಿಗೆ ಕಟ್ಟಿತು, ದೂತ ಎದ್ದು ನಿಂತ, ಮಾತಾಡಲು ಬಾಯಿ ತೆರೆದ. ಸ್ವರ ಅಲ್ಲೇ ಒಡೆಯಿತು. ಮೇಷ್ಟ್ರು ಕೆಮ್ಮಿದರು, ನೀರು ಕುಡಿದರು, ಮತ್ತೆ ಎತ್ತಿದರು, ಬರಲಿಲ್ಲ. ಆಗ ನೋಡಿದರೆ ಅರ್ಧ ಸಭೆಯೇ ಸೆರಗು, ಟವೆಲ್ಲು ಮೂಗಿಗೆ ಹಿಡಿದು ಕೂತಿತ್ತು. ಯಾರೋ ಬಾಗಿಲು ತಳ್ಳಿದರು. ಕಥೆಯ ದೂತನನ್ನು ಸಭೆಯಲ್ಲೇ ಬಿಟ್ಟು ಊರೆಲ್ಲ ಮಳೆಗೆ ಎದ್ದುಬಂತು.

ಸುದ್ದಿ ಕೇಳಿ ಓಡಿಬಂದ ವೀಣಾ ಒಂದೂ ಬಿಡದೆ ಕಿಟಕಿ ತೆರೆದಳು, ಮೇಷ್ಟ್ರನ್ನು ಗಾಳಿಗೆ ಕೂರಿಸಿದಳು, ಕಾರು ಮಾಡಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ನೋಡಿ, ಗಂಟಲು ಕೆರಳಿದೆ, ವಾರ ಸುಮ್ಮನಿದ್ದರೆ ಸರಿಹೋಗುತ್ತದೆ ಎಂದರು. ವೀಣಾ ಮಂದಿರಕ್ಕೆ ಮರಳಿ ಮಾವನೆದುರು ನಿಂತಳು. ಖಾಲಿ ಬಾಟಲಿ ಕೈಗೆ ತೆಗೆದುಕೊಂಡು ಕೆಂಪು ಸಾಲಿನ ಮೇಲೆ ಹೆಬ್ಬೆರಳು ಆಡಿಸಿದಳು, ಅಷ್ಟೇ. ಬೈದಿದ್ದರೆ ಪುಟ್ಟರಾಜುವಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಊರಿನ ಬಾಯಿ ಮುಚ್ಚೀತೇ? “ವೀಣಾನ ಔಷಧಿ ಮೇಷ್ಟ್ರ ದನಿ ತಿಂತಂತೆ” ಎಂಬ ಮಾತು ಅವಳ ಬಾಟಲಿ ಹೋಗದ ಊರಿಗೂ ಹೋಯಿತು. ಅಂಗಡಿಯವರು ಮಾಲು ವಾಪಸ್ ಕಳಿಸಿದರು. ಸಂಘದ ಹೆಂಗಸರು ಬರಿಗೈಯಲ್ಲಿ ಶೆಡ್ಡಿನ ಮೆಟ್ಟಿಲ ಮೇಲೆ ಕೂತರು. ತನ್ನ ಹೆಮ್ಮೆಯೇ ಸೊಸೆಯ ಹೆಸರಿಗೆ ಮಸಿ ಬಳಿಯಿತಲ್ಲ ಎಂದು ಪುಟ್ಟರಾಜು ಮೂರ್ನಾಡಿಗೆ ಹೋಗಿ ಮೇಷ್ಟ್ರ ಕಾಲು ಮುಟ್ಟಲು ಬಾಗಿದರು.

“ಬಿಡಿ ಪುಟ್ರಾಜಣ್ಣ,” ಎಂದರು ಮೇಷ್ಟ್ರು ಪಿಸುದನಿಯಲ್ಲಿ. “ಇಷ್ಟು ವರ್ಷ ನನ್ನ ಹೆಂಡ್ತಿ ಕೈಲಾಗದ್ದು ನಿಮ್ಮಿಂದ ಆಯ್ತು. ಮನೇಲಿ ಸುಮ್ನಿದೀನಿ.”

“ನಗಬೇಡಿ ಮೇಷ್ಟ್ರೆ. ಆ ಹುಡುಗಿ ಹೆಸರು ಹಾಳಾಗ್ತಿದೆ.”

ಮೇಷ್ಟ್ರ ನಗು ನಿಂತಿತು. “ಲೇಬಲ್ ನೋಡಿದೆ. ಎಲ್ಲಾ ಬರ್ದಿದಾಳಲ್ಲ. ಪದ್ಯದಲ್ಲಿ ಒಂದು ಸಾಲು ಹಾರಿಸಿ ಓದಿ ಅರ್ಥ ಕೆಟ್ರೆ, ತಪ್ಪು ಬರೆದೋರ್ದೋ ಓದಿದೋರ್ದೋ?”

ದನಿ ಮರಳಿದ ಮೇಲೆ ಮೇಷ್ಟ್ರು ಅದೇ ಮಂದಿರಕ್ಕೆ ಬಂದರು. ಈ ಸಲ ವೀಣಾ ತಾನೇ ನಿಂತು, ಮಧ್ಯಾಹ್ನವೇ ನೀರು ಬೆರೆಸಿ ಸಿಂಪಡಿಸಿ, ಕಿಟಕಿಗಳನ್ನು ತೆರೆದಿಟ್ಟಿದ್ದಳು. ಬೂಷ್ಟಿನ ಸುಳಿವಿರಲಿಲ್ಲ, ಮದ್ದಿನ ಘಾಟೂ ಇರಲಿಲ್ಲ. ವಾಚನಕ್ಕೆ ಮೊದಲು ಮೇಷ್ಟ್ರು ಬಾಟಲಿ ಎತ್ತಿ ಹಿಡಿದು, ಕೆಂಪು ಸಾಲನ್ನು ರಾಗವಾಗಿ ಓದಿದರು. ಸಭೆ ಗೊಳ್ಳೆಂದು ನಕ್ಕಿತು. ನಕ್ಕವರು ಆ ಸಾಲನ್ನು ಮರೆಯಲಿಲ್ಲ. ಅಂಗಡಿಗಳಿಂದ ಒಂದೊಂದಾಗಿ ಫೋನು ಬರತೊಡಗಿತು.

ಆ ಸುದ್ದಿ ಹಿಡಿದೇ ಚೆಟ್ಟಳ್ಳಿ ಕಡೆಯಿಂದ ದೇರಪ್ಪ ಜೀಪಿನಲ್ಲಿ ಬಂದಿಳಿದರು. ಮೂರು ಹೋಮ್‌ಸ್ಟೇ ಅವರದ್ದು, ಸುತ್ತಲಿನ ಹೋಮ್‌ಸ್ಟೇಗಳವರಿಗೆ ಮುಂದಾಳು ಕೂಡ.

“ಎಲ್ಲಾ ಹೋಮ್‌ಸ್ಟೇಗೂ ನಿಮ್ದೇ ಮಾಲು, ವರ್ಷಪೂರ್ತಿ,” ಎಂದರು. ಸಂಘದ ಹೆಂಗಸರ ಮುಖ ಅರಳಿತು. “ಆದ್ರೆ ಆ ಕೆಂಪು ಸಾಲು ಬೇಡ. ಹಳೇ ಗೆಸ್ಟ್ ಇಳಿಯೋದ್ರೊಳಗೆ ಹೊಸಬ್ರು ಗೇಟಲ್ಲಿ ಹಾರ್ನ್ ಹೊಡೀತಾರೆ. ಅರ್ಧ ಗಂಟೆ ಯಾರು ಕಾಯ್ತಾರೆ? ಜನ ಇದ್ರೂ ಹೊಡೀಬಹುದು ಅಂತ ಹಾಕಿ.”

“ಲೇಬಲ್ ನೋಡಿನೇ ಲೈಸೆನ್ಸ್ ಕೊಟ್ಟಿರೋದು ಸರ್. ಅದೂ ಅಲ್ದೆ, ಅದು ಸುಳ್ಳಾಗುತ್ತೆ,” ಎಂದಳು ವೀಣಾ.

“ಯಾರ್ ಬಂದು ನೋಡ್ತಾರಮ್ಮ?”

ಸಂಘದ ಸುಮಿತಾ ಮೆಲ್ಲಗೆ ಬಾಯಿ ಹಾಕಿದಳು. “ಒಂದ್ ಸಾಲು ತಾನೇ ಅಕ್ಕ. ಇಷ್ಟ್ ದಿನ ಕೈ ಕಟ್ಟಿ ಕೂತಿದ್ವಿ.”

ವೀಣಾ ಅವಳನ್ನು ನೋಡಿದಳು, ಉಳಿದವರನ್ನೂ ನೋಡಿದಳು. ಆಮೇಲೆ ಜಗಲಿಯಲ್ಲಿ ಕೂತಿದ್ದ ಮಾವನತ್ತ ತಿರುಗಿದಳು. “ಶೆಡ್ ಮಾವಂದು. ಅವ್ರು ಏನಂತಾರೋ ಕೇಳಿ ಸರ್.”

ಪುಟ್ಟರಾಜುವಿಗೆ ಎದೆ ತುಂಬಿ ಬಂತು. ಸಾಲು ಹಾರಿಸಿದ ಮುದುಕನ ಕೈಗೇ ಆ ಸಾಲಿನ ಕಾವಲು ಒಪ್ಪಿಸಿದ್ದಳು ಹುಡುಗಿ. ಲೈಸೆನ್ಸಿಗೆ ಕಟ್ಟು ಹಾಕಿಸಿದ ದಿನವೂ ಅವರು ಇಷ್ಟು ಎತ್ತರ ಬೆಳೆದಿರಲಿಲ್ಲ.

ದೇರಪ್ಪ ಮೆಟ್ಟಿಲೇರಿ ಬಂದು ಪಕ್ಕದಲ್ಲೇ ಕೂತರು. “ಪುಟ್ರಾಜಣ್ಣ, ನೀವು ಹಿರಿಯರು. ನಿಮ್ಮ ಮಾತು ಆ ಹುಡುಗಿ ತೆಗೆದುಹಾಕೋದಿಲ್ಲ. ಒಂದು ಮಾತು ಹೇಳ್ಬಿಡಿ.”

“ಹೇಳಲ್ಲ,” ಎಂದರು ಪುಟ್ಟರಾಜು. “ಆ ಸಾಲಿಲ್ದೆ ಒಂದು ಬಾಟ್ಲಿನೂ ಈ ಶೆಡ್ ದಾಟಲ್ಲ ದೇರಪ್ಪನೋರೆ.”