ಎಲ್ಲಿಗೆಂದು ಕೇಳುವ ಕಾಡಪ್ಪನವರು

ಕಾಡಪ್ಪನವರು ಯಾವ ಕೂಸನ್ನೂ ಕೇಳದೆ ಎತ್ತಿಕೊಳ್ಳುವುದಿಲ್ಲ. ಮೊಣಕಾಲೂರಿ, ಎರಡೂ ಕೈ ಚಾಚಿ, "ಎಲ್ಲಿಗ್ರೀ ಸಾಹೇಬರ?" ಎನ್ನುತ್ತಾರೆ, ಮಾತು ಬಾರದ ಕೂಸು ತೊಟ್ಟಿಲಿನ ಕಡೆಗೋ ಅಂಗಳದ ಕೋಳಿಯ ಕಡೆಗೋ ಬೆರಳು ತೋರಿಸುವವರೆಗೆ ಕಾದು, ಆಮೇಲೆ ಎತ್ತಿ, "ರೈಟ್!" ಎಂದು ಹೊರಡುತ್ತಾರೆ. ಸವದತ್ತಿ ಡಿಪೋದಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ನೌಕರಿ ಮುಗಿದರೂ ಖಾಕಿ ಕೋಟು ಮೈಬಿಡಲಿಲ್ಲ, ಬಸ್ಸಿನ ಓಲಾಟ ಕಾಲುಬಿಡಲಿಲ್ಲ. ಸಪಾಟು ನೆಲದಲ್ಲೂ ಕಾಲಗಲಿಸಿಯೇ ನಡೆಯುತ್ತಾರೆ. ಚಿಲ್ಲರೆ ತುಂಬಿರುತ್ತಿದ್ದ ಕಿಸೆಯಲ್ಲಿ ಈಗ ಕೂಸುಗಳನ್ನು ಆಡಿಸುವ ಒಂದು ಗಿಲಕಿ.

ಸಂಗೊಳ್ಳಿಯಲ್ಲಿ ಅವರದೂ ನಮ್ಮದೂ ಒಂದೇ ಗೋಡೆ. ಬೆಳಿಗ್ಗೆ ನಾನು ಬಸವಣ್ಣನ ಪಟದ ಮುಂದೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಓಣಿಯ ರೇಣುವಿನ ಓಟದ ಸಪ್ಪಳ ಕೇಳಿಸುತ್ತದೆ. ಬೈಲಹೊಂಗಲದ ಹೊಲಿಗೆ ಕಾರ್ಖಾನೆಯಲ್ಲಿ ಅವಳ ಕೆಲಸ. ಏಳೂವರೆಯ ಬಸ್ಸು ನಾಲ್ಕು ದಿನ ತಪ್ಪಿದರೆ ಕೆಲಸವೂ ಇಲ್ಲ. ಮಗಳು ಪ್ರಣಿತಾಳನ್ನು ಆ ಖಾಕಿ ತೋಳಿಗೆ ಒಪ್ಪಿಸಿ ಓಡುತ್ತಾಳೆ. ಹೀಗೆ ದುಡಿಯಹೋಗುವ ತಾಯಂದಿರು ಬಿಟ್ಟ ಕೂಸುಗಳ ಗಂಜಿ, ಸ್ನಾನ, ನಿದ್ದೆಯ ಆಡಳಿತವೆಲ್ಲ ಕಾಡಪ್ಪನವರ ಹೆಂಡತಿ ಸುಂದರವ್ವನದು.

"ತುಂಬಿದ ಬಸ್ಸು ಸಂಭಾಳಿಸಿದವ್ರಿಗೆ ನಾಕು ಕೂಸು ಕುಂದರಸಾಕ ಆಗವಲ್ದೇನ್ರಿ?" ಎಂದು ಆಕೆ ಒಳಗಿನಿಂದ ಚುಚ್ಚಿದರೆ, "ಇವಕ್ಕ ಸೀಟ್ ಯಾವ್ದಂತ ಗೊತ್ತಿಲ್ಲಲೇ" ಎಂದು ಇವರು.

ಹೋದ ವರ್ಷ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ಎದ್ದು ನಿಂತಿತು. ಬಣ್ಣದ ಗೋಡೆ, ಹೊಸ ತೊಟ್ಟಿಲು, ತರಬೇತಿಯಾದ ಹುಡುಗಿಯರು, ಚೆಂದದ ಜಾಗವೇ. ಬಾಗಿಲು ತೆರೆಯುವುದು ಮಾತ್ರ ಒಂಬತ್ತೂವರೆಗೆ. ಊರಿನ ಕೂಸುಗಳೆಲ್ಲ ಅಲ್ಲಿಗೇ ಬರಬೇಕು, ಮನೆಗಳಲ್ಲಿ ನೋಡಿಕೊಳ್ಳುವುದು ನಿಲ್ಲಬೇಕು ಎಂದು ಸದಸ್ಯ ಸುಭಾಸ ಪಟ್ಟು ಹಿಡಿದ. ಸಭೆ ಸೇರಿತು, ತಾಲ್ಲೂಕಿನಿಂದ ಮೇಲ್ವಿಚಾರಕಿಯೊಬ್ಬರು ಬಂದರು.

"ಕೂಸು ಆಡಸಾಕ ಊರಾಗ ಹೆಂಗಸ್ರು ತೀರಿದ್ರೇನ್ ಕಾಡಪ್ಪಣ್ಣ?" ಎಂದು ಸುಭಾಸ ನಕ್ಕ.

ರೇಣು ಎದ್ದಳು. "ಒಂಬತ್ತೂವರಿ ತನಕ ನನ್ನ ಕೂಸು ನೀವು ಹಿಡೀತೀರೇನ್ರಿ? ನಾಳಿಂದ ನಿಮ್ಮ ಕಟ್ಟಿ ಮ್ಯಾಲೆ ಕುಂದರಿಸಿ ಹೋಗತೇನಿ."

ಸಭೆ ನಕ್ಕಿತು, ಅವಳು ನಗಲಿಲ್ಲ.

ಮೇಲ್ವಿಚಾರಕಿ ಕಾಡಪ್ಪನವರ ಕಡೆ ತಿರುಗಿದರು. ತಮ್ಮ ಮನೆಯ ಪರವಾಗಿ ವಾದಿಸುತ್ತಾರೆಂದು ನಾನೂ ಕಾದೆ. ಅವರು ಕಾಲಗಲಿಸಿ ನಿಂತು ಹೇಳಿದರು: "ಎಲ್ಲಾರೂ ನನ್ನ ಮನಿಗೇ ಬರ್ಲಿ ಅಂತ ನಾ ಅನ್ನಂಗಿಲ್ರಿ ಅಕ್ಕಾರ. ಕೇಂದ್ರ ಚಲೋನ ಐತಿ. ಆದ್ರ ನಾ ಟಿಕೆಟ್ ಹರಿಯೂ ಮೊದ್ಲ ಎಲ್ಲಿಗೆ ಅಂತ ಕೇಳತಿದ್ನಿ. ನೀ ಇಂಥಾ ಊರಿಗೇ ಹೋಗು ಅಂತ ಯಾರಿಗೂ ಹೇಳಿಲ್ಲ. ಈ ತಾಯಂದ್ರನ್ನ ಒಮ್ಮೆ ಕೇಳ್ರಲಾ."

ಕೇಳಿದರು. ಕೆಲವರು ಕೇಂದ್ರವೆಂದರು, ಒಬ್ಬಳು ಹೊಲದ ಹಾದಿಯಲ್ಲಿರುವ ತವರು ಎಂದಳು, ರೇಣು ಕಾಡಪ್ಪನವರ ಮನೆ ಎಂದಳು. ಕೊನೆಗೆ ಅವರ ಸೊಸೆ ಮಧು ನೆಲ ನೋಡುತ್ತ, "ನಮ್ಮ ಅಜಿತಗ ಕೇಂದ್ರನ ಇರ್ಲಿ ರೀ. ಮನ್ಯಾಗ ಮಾವಾರ ಹೆಗಲ ಮ್ಯಾಲಿಂದ ಇಳಿಯಂಗಿಲ್ಲ. ತನ್ನ ವಯಸ್ಸಿನ ವಾರಗಿ ಹುಡುಗ್ರ ಜೋಡಿ ಆಡಿದ್ರ ಮಾತು ಬಂದೀತು" ಎಂದಳು.

"ಮನಿ ಸೊಸಿನ ಒಲ್ಲೆ ಅಂದ್ಲಲ್ಲೋ!" ಸುಭಾಸನಿಗೆ ಹಿಗ್ಗು.

ಕೋಟಿನ ಕಿಸೆಯೊಳಗೆ ಗಿಲಕಿ ಮೆಲ್ಲಗೆ ಸದ್ದು ಮಾಡಿದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. "ಕೇಳಿದ್ವಿ, ಹೇಳಿದ್ಲು. ಅದ್ರಾಗೇನೈತಿ?" ಎಂದರು ಕಾಡಪ್ಪನವರು.

ಎರಡೂ ನಡೆಯಲಿ, ಮನೆಯಲ್ಲಿರುವ ಕೂಸುಗಳಿಗೂ ಹಾಲು ಮೊಟ್ಟೆ ತಲುಪಲಿ ಎಂದು ತೀರ್ಮಾನವಾಯಿತು. "ಆದ್ರ ನಾ ನಿಮ್ಮ ಮನಿಗೆ ಹೇಳದ ಕೇಳದ ಬಂದು ನೋಡಾಕಿ ಮತ್ತ" ಎಂದರು ಮೇಲ್ವಿಚಾರಕಿ.

"ಬರ್ರಿ, ಚೆಕಿಂಗ್ ನಮಗೇನ್ ಹೊಸಾದಲ್ಲ!"

ಮರುದಿನ ರೇಣುವಿನ ಬಸ್ಸು ಹೋಗಿ, ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ, ಉಳಿದ ಕೂಸುಗಳನ್ನು ಸುಂದರವ್ವನಿಗೆ ಬಿಟ್ಟು, ಮೊಮ್ಮಗನನ್ನು ಹೆಗಲೇರಿಸಿಕೊಂಡು ಅವರೇ ಕೇಂದ್ರಕ್ಕೆ ನಡೆದರು. ನಾನು ಗುಡಿಯಿಂದ ಬರುತ್ತಿದ್ದೆ. ಬಾಗಿಲಲ್ಲಿ ಇಳಿಸಿ, ಮೊಣಕಾಲೂರಿ, "ಎಲ್ಲಿಗ್ರೀ ಸಾಹೇಬರ?" ಎಂದರು. ಅಜಿತ ಅಜ್ಜನ ಮುಖ ನೋಡಿದ, ಒಳಗಿನ ಗದ್ದಲ ನೋಡಿದ, ಒಳಗೇ ಬೆರಳು ತೋರಿಸಿದ. "ರೈಟ್" ಎಂದ ಕಾಡಪ್ಪನವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಮಕ್ಕಳನ್ನು ಎದೆಗಪ್ಪಿಕೊಳ್ಳುವವರು ನಮ್ಮ ಸೀಮೆಯಲ್ಲಿ ಮನೆಮನೆಗೂ ಸಿಗುತ್ತಾರೆ. ಎಲ್ಲಿಗೆ ಎಂದು ಕೇಳಿ, ಉತ್ತರ ತನ್ನ ಮನೆಯಲ್ಲದಿದ್ದರೂ ಅಲ್ಲಿಯವರೆಗೆ ಹೊತ್ತು ನಡೆದು, ಬರಿಗೈಯಲ್ಲಿ ತಿರುಗಿ ಬರಬಲ್ಲವರು ಅಪರೂಪ. ಅಂಥವರ ಗೋಡೆಗೆ ನನ್ನ ದೇವರ ಗೂಡು ತಾಗಿಕೊಂಡಿದೆ ಎಂಬುದು ನನ್ನ ಹೆಮ್ಮೆ.