ಇನ್ನು ನಾಲ್ಕೇ ಪುಟ

ಗೋಡೆಯ ಮೇಲಿನ ಪುಸ್ತಕದ ಪೆಟ್ಟಿಗೆಯಿಂದ ಮಗಳು ಎರಡನೆಯ ಮೊಳೆ ಕೀಳುವಷ್ಟರಲ್ಲಿ ಬೀದಿಯ ಕಾವಲುಗಾರ ಕುಂಟುತ್ತ ಬಂದು ಇಕ್ಕಳ ಕಸಿದುಕೊಂಡ.

“ಏನಮ್ಮಾ ಇದು? ಒಳಗೆ ನಿಮ್ಮಮ್ಮ ಇನ್ನೂ ಮಲಗಿದಾರೆ. ಇವತ್ತೇ ಕೀಳ್ಬೇಕಾ?”

“ಇ-ಇವತ್ತೇ. ಬೀದಿಗೆಲ್ಲ ಪುಸ್ತಕ ಹುಡುಕಿ ಕೊಟ್ಳು. ನ-ನನಗೊಂದು ಕೊಟ್ಳಾ?”

ಹುಟ್ಟಿನಿಂದ ಅವಳಿಗೆ ಉಗ್ಗು. ಇವತ್ತು ಅಳುವೂ ಸೇರಿಕೊಂಡಿತ್ತು. ಬೆಳಗಿನ ಬಿಸಿಲು ಮಂಪರು ಹತ್ತಿದಂತೆ ಗೋಡೆಗೆ ಒರಗಿತ್ತು. ಬೀದಿಯವರು ನಿದ್ದೆಯಲ್ಲಿ ನಡೆಯುವವರ ಹಾಗೆ ಬಂದು, ಅಮ್ಮನ ಮುಖ ನೋಡಿ, ಹೊರಗೆ ನಿಲ್ಲುತ್ತಿದ್ದರು. ಹನ್ನೊಂದಕ್ಕೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು.

*

ಅಮ್ಮ ದರ್ಜಿ. ಅಂಗಿಯ ಅಳತೆ ತೆಗೆಯುತ್ತಲೇ ಗಿರಾಕಿಯ ಬದುಕನ್ನೂ ವಿಚಾರಿಸಿಕೊಳ್ಳುವಳು. ಆಮೇಲೆ ಹಳೆ ಪುಸ್ತಕದಂಗಡಿಗಳನ್ನೆಲ್ಲ ಜಾಲಾಡಿ, ಅಂಥವರೇ ಇರುವ ಕತೆ ತಂದು ಪೆಟ್ಟಿಗೆಯಲ್ಲಿಡುವಳು. ಒಂದು ತಗೊಂಡರೆ ಒಂದು ಇಡಬೇಕು, ಅಷ್ಟೇ. ದೂರದಿಂದ ಬಂದ ಗಾರೆಯವನಿಗೆ ಅವನ ಭಾಷೆಯದೇ ಪುಸ್ತಕ ಸಿಕ್ಕಿತು. ಇಬ್ಬರು ತಾಯಂದಿರ ಮನೆಯ ಹುಡುಗಿಗೆ ಅಂಥದೇ ಮನೆಯ ಚಿತ್ರಪುಸ್ತಕ. ಪುಣ್ಯಾತ್ಗಿತ್ತಿ!

ಎಡವಿದ್ದು ಒಂದೇ ಸಲ. ಹತ್ತೇ ಪುಟ ಓದಿ, ಕುಂಟುವ ಕಾವಲುಗಾರನಿಗೆ ಕುಂಟುವ ಕಾವಲುಗಾರನ ಕತೆ ಕೊಟ್ಟಳು. ಕತೆಯ ಕೊನೆಗೆ ನೋಡಿದರೆ ಕಳ್ಳ ಆ ಕಾವಲುಗಾರನೇ!

“ನನ್ನ ಮುಖ ಕಳ್ಳನ ಹಾಗಿದ್ಯಾ?” ಎಂದು ಪುಸ್ತಕ ತಂದು ಕುಕ್ಕಿದವನು ಎರಡು ವರ್ಷ ಮಾತು ಬಿಟ್ಟ. ಅಂದಿನಿಂದ ಅಮ್ಮ ಕೊನೆಯ ಪುಟ ಮುಗಿಸದೆ ಯಾರಿಗೂ ಪುಸ್ತಕ ಕೊಟ್ಟವಳಲ್ಲ.

ಮಗಳು ಕೇಳಿದಾಗೆಲ್ಲ, “ಹುಡುಕ್ತಾ ಇದೀನಿ ಕಣೇ. ಕತೇಲಿ ಉಗ್ಗೋರನ್ನ ಬರೀ ನಗಿಸೋಕೆ ತರ್ತಾರೆ. ಅಂಥದ್ದನ್ನ ನಿನ್ನ ಕೈಗೆ ಕೊಡಲ್ಲ,” ಎನ್ನುವಳು. ಕೇಳೀ ಕೇಳೀ ಮಗಳಿಗೆ ಅದು ಬರೀ ನೆಪ ಅನ್ನಿಸಿಬಿಟ್ಟಿತ್ತು.

*

“ಹೋದ ವಾರ ನಿಮ್ಮಮ್ಮ ಗೇಟ್ ಹತ್ರ ನಿಂತು ಹೇಳಿದ್ರು,” ಎಂದ ಕಾವಲುಗಾರ. “‘ಸಿಕ್ಕೇಬಿಡ್ತಪ್ಪಾ, ನನ್ನ ಮಗಳ ಪುಸ್ತಕ! ಈ ಕತೆಯವಳೂ ಉಗ್ಗ್ತಾಳೆ, ಯಾರೂ ನಗಲ್ಲ. ಇನ್ನೂ ಐವತ್ತು ಪುಟ ಇದೆ. ಕೊನೇಲಿ ಅವಳಿಗೇನೂ ಆಗದಿದ್ರೆ ಸಾಕು’ ಅಂತ. ಹೊಲಿಗೆ ಮೆಷಿನ್ ಹತ್ರ ನೋಡಮ್ಮಾ.”

ಪುಸ್ತಕ ಅಲ್ಲೇ ಇತ್ತು, ಗುರುತಿಗೆ ಇಟ್ಟ ಬಟ್ಟೆಚೂರಿನೊಂದಿಗೆ. ಇನ್ನು ನಾಲ್ಕೇ ಪುಟ ಉಳಿದಿತ್ತು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ದುಃಖ ಉಮ್ಮಳಿಸಿ ಬಂತು.

ಅಷ್ಟರಲ್ಲಿ ವ್ಯಾನು ಬಂತು. “ಹೊತ್ತಾಯ್ತು,” ಎಂದ ಚಾಲಕ.

“ನಾ-ನಾಲ್ಕು ಪುಟ,” ಎಂದಳು ಮಗಳು. “ಅಮ್ಮ ಮುಗಿಸಿಲ್ಲ.”

ಚಾಲಕ ಅವಳ ಮುಖ ನೋಡಿ ಎಂಜಿನ್ ಆರಿಸಿದ.

ಅವಳು ಅಮ್ಮನ ತಲೆಯ ಬಳಿ ಕೂತು ಗಟ್ಟಿಯಾಗಿ ಓದತೊಡಗಿದಳು. ಬೀದಿಯವರು ಬಾಗಿಲಿಗೆ, ಕಿಟಕಿಗೆ ಬಂದು ನಿಂತರು. ಪರದೆ ನಿಧಾನವಾಗಿ ಉಬ್ಬಿ ಇಳಿಯುತ್ತಿತ್ತು. ಕತೆಯವಳು ಸಾಯಲಿಲ್ಲ, ಕಳ್ಳಿಯೂ ಆಗಲಿಲ್ಲ. ಕೊನೆಯ ಸಾಲಿನಲ್ಲಿ ಫೋನು ಎತ್ತಿ ತನ್ನ ಹೆಸರು ಹೇಳುವವಳಿದ್ದಳು.

ಆ ಹೆಸರು ಮಗಳ ತುಟಿಯಲ್ಲಿ ಸಿಕ್ಕಿಕೊಂಡಿತು. ಯಾರೂ ಅವಳ ಬದಲು ಹೇಳಲಿಲ್ಲ. ಇಡೀ ಬೀದಿ ಕಾಯುತ್ತ ನಿಂತಿತ್ತು. ಅಮ್ಮನೂ ಕಾಯುತ್ತ ಮಲಗಿದ್ದಳು.