ಮೂರು ಕಲ್ಲಿನ ಅಡಿಬರಹ

ಚಿತ್ರದ ಕೆಳಗೆ ತಾನು ಬರೆದ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ ಎಂಬ ಜಂಬ ಸುಮತಿಗಿತ್ತು. ಆ ಜಂಬವೇ ಕೊನೆಗೆ ಮನೆಗೆ ಮುಳ್ಳಾಯಿತು.

ಕೋಯಿಕ್ಕೋಡಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗಿ, ಎರಡು ತಿಂಗಳ ತರಬೇತಿಗೆಂದು ಮಾನಂದವಾಡಿಯ ಒಂದು ಸಂಸ್ಥೆ ಸೇರಿದ್ದಳು. ಕಾಡು ಉಳಿಸುವುದು, ಹಳೆಯ ಭತ್ತದ ತಳಿ ಉಳಿಸುವುದು, ಬಡವರನ್ನು ಮೇಲೆತ್ತುವುದು, ಮೂರೂ ಅದರ ಫಲಕದಲ್ಲಿದ್ದವು. ಒಳಗಿದ್ದದ್ದು ಎರಡು ಕೋಣೆ, ಒಂದು ಕಂಪ್ಯೂಟರು. ತಿಂಗಳಿಗೊಮ್ಮೆ ಮಲಯಾಳಂನಲ್ಲಿ ಒಂದು ಪತ್ರಿಕೆ ಬರುತ್ತಿತ್ತು. ಅದರ ಸಂಪಾದಕರಾದ ದಿವಾಕರನ್ ಮೊದಲ ದಿನವೇ ಹೇಳಿದ್ದರು: ಚಿತ್ರದಲ್ಲಿರುವುದು ಯಾರು, ಎಲ್ಲಿ, ಹಿಂದೆ ಕಾಣುವುದೇನು, ಎಲ್ಲವೂ ಅಡಿಬರಹದಲ್ಲಿ ಇರಬೇಕು.

ಸುಮತಿ ಪನಮರಂ ಹತ್ತಿರದ ತಮ್ಮ ಗದ್ದೆಗೇ ಹೋಗಿ ಚಿತ್ರ ತೆಗೆದಳು. ಗಂಧಕಸಾಲ ಎಂಬ ಹಳೆಯ ತಳಿಯ ಭತ್ತದ ಹೊರೆ ಹೊತ್ತು ನಿಂತ ಅಮ್ಮಿಣಿ, ಮೂವತ್ತು ವರ್ಷ ಅದೇ ಗದ್ದೆಯಲ್ಲಿ ದುಡಿದ ಪಣಿಯ ಆದಿವಾಸಿ ಹೆಂಗಸು. ಕೆಳಗೆ ಬರೆದಳು: 'ಹಿಂದಿನ ದಿಬ್ಬದ ಮೂರು ಕಲ್ಲುಗಳು ಅಮ್ಮಿಣಿಯ ಹಿರಿಯರ ಸಮಾಧಿ. ಜಮೀನಿನವರು ಅಲ್ಲಿ ಎಂದೂ ನೇಗಿಲು ಹೂಡಿಲ್ಲ.' ಎರಡನೆಯ ವಾಕ್ಯ ಅಪ್ಪನ ಒಳ್ಳೆಯ ಹೆಸರಿಗಾಗಿ. ಮಾತು ನಿಜವೇ. ಶುಂಠಿಗೆ ಬಂಗಾರದ ಬೆಲೆ ಬಂದ ವರ್ಷವೂ ಅಪ್ಪ ಪದ್ಮಪ್ಪ ಆ ದಿಬ್ಬ ಅಗೆಸಿರಲಿಲ್ಲ.

ಆದರೆ ಈ ಚಿತ್ರ ಅಚ್ಚಾದದ್ದು ಎಂಥ ವರ್ಷ! ಭೂಮಿ ಕೇಳಿ ಕಾಡಂಚಿನಲ್ಲಿ ಗುಡಿಸಲು ಹಾಕಿದವರ ಮೇಲೆ ಗುಂಡು ಹಾರಿ ಇನ್ನೂ ವರ್ಷ ತುಂಬಿರಲಿಲ್ಲ. ಗೋಡೆಯ ಮೇಲೆ ನಕ್ಸಲರ ಬರಹವೊಂದು ಕಂಡರೆ ಪೊಲೀಸ್ ಜೀಪು ನೇರ ಆದಿವಾಸಿಗಳ ಕೇರಿಗೆ ಹೋಗುತ್ತಿತ್ತು. ತಮ್ಮ ಗದ್ದೆಗೂ ಎಲ್ಲಿ ಗುಡಿಸಲು ಬಂದೀತೋ ಎಂಬ ಹೆದರಿಕೆ ಜಮೀನಿದ್ದವರಿಗೆ.

ಪತ್ರಿಕೆ ಬಂದ ಹತ್ತನೇ ದಿನ ಅಮ್ಮಿಣಿಯೂ ನಾಲ್ಕು ಮನೆಯವರೂ ಹಿರಿಯರು ಮಲಗಿದ ನೆಲ ತಮ್ಮದೆಂದು ದಿಬ್ಬದ ಪಕ್ಕ ನೀಲಿ ಟಾರ್ಪಾಲಿನ ಗುಡಿಸಲು ಹಾಕಿದರು. ಗುಡಿಸಲಿನ ಗಳುವಿಗೆ ಸುಮತಿಯ ಚಿತ್ರವಿದ್ದ ಹಾಳೆಯನ್ನು ಕಟ್ಟಿದ್ದರು.

ಸುಮತಿ ಸುದ್ದಿ ಕೇಳಿ ಮನೆಗೆ ಓಡಿಬಂದಳು. ಜಗಲಿಯ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಕಾಲು ತೊಳೆದು ಒಳಗೆ ಹೋದಳು. ಮನೆಯವರೆಲ್ಲ ಕಾಲು ತೊಳೆಯುವುದು ಆ ಕಲ್ಲಿನ ಮೇಲೆ. ಅಪ್ಪ ಮಾತ್ರ ಬಾವಿಕಟ್ಟೆಯಲ್ಲೇ ತೊಳೆದು ಬರುತ್ತಿದ್ದ. ಅವನ ಹಟಗಳಲ್ಲಿ ಇದೂ ಒಂದು ಎಂದು ಎಲ್ಲರೂ ನಗುತ್ತಿದ್ದರು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಮಗಳು ಬಂದ ದಿನ ಅವಳು ಕೂರದೆ ಪದ್ಮಪ್ಪ ತುತ್ತು ಎತ್ತುತ್ತಿರಲಿಲ್ಲ.

"ಅವರ ಕಲ್ಲು ನಾ ಮುಟ್ಲಿಲ್ಲ. ಅದೇ ತಪ್ಪಾತು," ಎಂದ, ತಟ್ಟೆ ನೋಡುತ್ತ. "ಎಲ್ಲರಂಗೆ ಉತ್ತು ಬಿಟ್ಟಿದ್ರೆ ಇವತ್ತು ಬಂದು ಕೇಳೋರು ಯಾರಿದ್ರು? ವಕೀಲರು ಹೇಳಿದ್ರು, ಅವರ ಕೈಲಿ ಬೇರೆ ಕಾಗದಪತ್ರ ಒಂದೂ ಇಲ್ಲ. ನಿನ್ನ ಪತ್ರಿಕೇನೇ ತಪ್ಪಾತು ಅಂದ್ರೆ ಗುಡಿಸಲು ಎಬ್ಬಿಸಬೋದು. ಬರೆದವಳು ನೀನು. ತಿದ್ದೋಳೂ ನೀನೇ ಆಗ್ಬೇಕು."

ಸುಮತಿಗೆ ಅಳು ಬಂತು. ಹೊಗಳಿ ಬರೆದ ಸಾಲೇ ಅಪ್ಪನ ಕೊರಳಿಗೆ ಉರುಳಾಗಿತ್ತು.

ಮರುದಿನ ದಿವಾಕರನ್ ಕೂಡ ಅದನ್ನೇ ಹೇಳಿದರು. "ನಮ್ಮದು ಬೀಜದ ಕೆಲಸ, ಸುಮತಿ. ಸಮಾಧಿಯ ಕೆಲಸ ನಮ್ಮದಲ್ಲ." ಕೊನೆಯ ಪುಟದಲ್ಲಿ ತಿದ್ದುಪಡಿಗೆ ನಾಲ್ಕು ಸಾಲಿನ ಜಾಗ ಬಿಟ್ಟಿತ್ತು. ಸಮಾಧಿ ಎಂದದ್ದು ತಪ್ಪು, ಅವು ಬರೀ ಕಲ್ಲುಗಳು ಎಂದು ಚೀಟಿಯಲ್ಲಿ ಬರೆದುಕೊಟ್ಟು, ಶನಿವಾರ ಪುಟವನ್ನು ಅಚ್ಚುಕೂಟಕ್ಕೆ ಒಯ್ಯುವ ಕೆಲಸ ಅವಳಿಗೇ ವಹಿಸಿದರು.

ಶುಕ್ರವಾರ ಅವಳು ದಿಬ್ಬಕ್ಕೆ ಹೋದಳು. ಯಾಕೆಂದು ಕೇಳಿದ್ದರೆ ಅವಳಿಗೇ ಗೊತ್ತಿರಲಿಲ್ಲ.

ಅಮ್ಮಿಣಿ ಬೈಯಲಿಲ್ಲ. ಅವಳ ಕೈ ಹಿಡಿದು ಕಲ್ಲುಗಳಾಚೆಗೆ ಕರೆದೊಯ್ದಳು. "ಕಲ್ಲು ಮಾತ್ರ ಮೂರು, ಮೋಳೇ. ಮಲಗಿರೋರು ಜಾಸ್ತಿ," ಎಂದಳು, ಮಗಳನ್ನು ಕರೆದ ಹಾಗೆ. ಹುಲ್ಲಿನ ಒಂದೊಂದು ಉಬ್ಬಿನ ಮೇಲೂ ಅಂಗೈ ಊರಿ ಹೇಳುತ್ತ ಹೋದಳು: ಹೆತ್ತ ಅಮ್ಮೆ. ಅಮ್ಮೆಯ ತಂಗಿ. ಜ್ವರದಲ್ಲಿ ಹೋದ ಅಣ್ಣ. ಹೆಸರಿಡುವ ಮೊದಲೇ ಹೋದ ಮಗು. ಹನ್ನೊಂದಕ್ಕೆ ನಿಂತಳು. "ಅಚ್ಚಾದ್ದು ಸುಳ್ಳು ಅಂತ ಬರೀತಾರಂತೆ. ನೀನೇನಾ ಬರೆಯೋದು?"

ಸುಮತಿ ಚೀಟಿಯಿದ್ದ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು.

"ನಿನ್ನ ಎತ್ತಿ ಆಡಿಸಿದ ಕೈ ಇದು. ನನ್ನ ಅಮ್ಮೆನ ಸುಳ್ಳು ಮಾಡ್ಬೇಡ."

ಶನಿವಾರ ಅಚ್ಚುಕೂಟದವನು ತಿದ್ದುಪಡಿ ಎಲ್ಲಿ ಎಂದು ಕೇಳಿದಾಗ ಸುಮತಿ ಚೀಟಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಳು. ಬಾಯಲ್ಲಿ ಹೇಳಿ ಬರೆಸಿದಳು: 'ಕಳೆದ ಸಂಚಿಕೆಯಲ್ಲಿ ಪನಮರಂ ದಿಬ್ಬದ ಸಮಾಧಿಗಳು ಮೂರು ಎಂದು ತಪ್ಪಾಗಿ ಅಚ್ಚಾಗಿದೆ. ಹನ್ನೊಂದು ಎಂದು ಓದಿಕೊಳ್ಳಬೇಕು.'

ಪತ್ರಿಕೆ ಕೈಗೆ ಬಂದ ಬುಧವಾರ ದಿವಾಕರನ್ ತರಬೇತಿ ಸಾಕೆಂದು ಅವಳನ್ನು ಮನೆಗೆ ಕಳಿಸಿದರು. ಪ್ರಮಾಣಪತ್ರದ ಮಾತು ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಪತ್ರಿಕೆಯ ಒಂದು ಪ್ರತಿ ಹಿಡಿದು ಪನಮರಂ ಬಸ್ಸು ಹತ್ತಿದಳು. ಅಪ್ಪನಿಗೆ ಬೇರೆಯವರು ತೋರಿಸುವ ಮೊದಲು ತಾನೇ ತೋರಿಸಬೇಕು, ಅಷ್ಟೇ.

ಪದ್ಮಪ್ಪ ಜಗಲಿಯಲ್ಲಿ ಅವಳನ್ನೇ ಕಾಯುತ್ತಿದ್ದ. ಒಳಗೆ ತಟ್ಟೆ ಹಾಕಿತ್ತು. ಕನ್ನಡಕ ಏರಿಸಿ ನಾಲ್ಕು ಸಾಲು ಓದಿದ. ಮತ್ತೊಮ್ಮೆ ಓದಿದ. ಸುಮತಿ ಏಟಿಗೆ ಸಿದ್ಧಳಾಗಿ ನಿಂತಿದ್ದಳು.

"ಹನ್ನೊಂದಲ್ಲ," ಎಂದ. "ಹನ್ನೆರಡು."

ಅವಳಿಗೆ ಅರ್ಥವಾಗಲಿಲ್ಲ.

"ದಿಬ್ಬ ಆಗ ಮನೆವರೆಗೂ ಇತ್ತು. ಕಣ ದೊಡ್ಡದು ಮಾಡ್ಬೇಕು ಅಂತ ನಿನ್ನಜ್ಜ ಒಂದು ಸಮಾಧಿ ಸಮ ಮಾಡಿಸಿದ್ರು. ನನಗೆ ಹತ್ತು ವರ್ಷ. ಅದರ ಕಲ್ಲು ಅಂಗಳಕ್ಕೆ ಎಳೆಯೋ ಹಗ್ಗಕ್ಕೆ ನಾನೂ ಕೈ ಕೊಟ್ಟಿದ್ದೆ. ಅಮ್ಮಿಣಿಯ ಅಜ್ಜಿ ದೂರದಲ್ಲಿ ನಿಂತು ನೋಡ್ತಿದ್ಳು, ಏನೂ ಅನ್ಲಿಲ್ಲ." ಅವನ ಕಣ್ಣು ಅಂಗಳಕ್ಕೆ ಇಳಿಯಿತು.

ಸುಮತಿ ಅವನ ನೋಟದ ಜಾಡು ಹಿಡಿದು ಕೆಳಗೆ ನೋಡಿದಳು. ಅವಳು ನಿಂತಿದ್ದದ್ದು ಕಾಲು ತೊಳೆಯುವ ಕಲ್ಲಿನ ಮೇಲೆ. ಬಂದ ಕೂಡಲೇ ಕಾಲಿಗೆ ಹುಯ್ದುಕೊಂಡ ನೀರು ಅದರ ಮೇಲೆ ಇನ್ನೂ ಆರಿರಲಿಲ್ಲ. ಸರಕ್ಕನೆ ಕೆಳಗಿಳಿದಳು.

"ದಿಬ್ಬ ಹೋತು, ಮಗಾ. ನೀನೇ ಕಳೆದೆ. ಅದನ್ನ ನಾ ಮರೆಯೋದಿಲ್ಲ," ಎಂದ ಪದ್ಮಪ್ಪ. ಎದ್ದು ಕೊಟ್ಟಿಗೆಗೆ ಹೋಗಿ ಹಾರೆಕೋಲು ತಂದ. "ಹೋಗಿ ಅಮ್ಮಿಣಿನ ಕರಿ. ಈ ಕಲ್ಲು ಯಾವ ಜಾಗದಲ್ಲಿ ನೆಡಬೇಕು ಅಂತ ಅವಳೇ ಹೇಳ್ಲಿ."

"ಅಪ್ಪ, ಹೊತ್ತು ಮುಳುಗ್ತಿದೆ. ಊಟ?"

ಪದ್ಮಪ್ಪ ಕಲ್ಲಿನಡಿಗೆ ಹಾರೆ ತೂರಿಸಿದ. ಒಳಗೆ ಬಡಿಸಿದ ಅನ್ನ ಆರುತ್ತಿತ್ತು. ಸುಮತಿ ಚಪ್ಪಲಿ ಮೆಟ್ಟದೆ ದಿಬ್ಬದ ಕಡೆ ಓಡಿದಳು.